ಸೋಡಚೀಟಿ ಆಯ್ತು, ಮನಿ ಯಾರದು? ಹೊಲ, ಅಂಗಡಿ, ಬಂಗಾರ ಯಾರದು?

ಕೊಪ್ಪಳ: "ಕೋರ್ಟಿನ್ಯಾಗ ಡೈವೋರ್ಸ್ ಆಗಿ ಎರಡು ವರ್ಷ ಆತ್ರಿ. ಮನಿ ಉತಾರದಾಗ ಇನ್ನೂ ಆಕಿ ಹೆಸರ ಐತಿ. ಈ ಡಿಕ್ರಿ ತೋರಿಸಿದ್ರ ತೆಗೀತಾರೇನ್ರಿ?"

ಜೆರಾಕ್ಸ್ ಅಂಗಡಿ ಮುಂದೆ ನಿಂತಿದ್ದ ವ್ಯಾಪಾರಿಯೊಬ್ಬರು ಕೇಳಿದ ಪ್ರಶ್ನೆ ಇದು. ಮಗ್ಗಲಿಗೆ ಪಹಣಿ ಹಿಡಿದು ನಿಂತಿದ್ದ ಹೆಣ್ಣುಮಗಳು ಸುಮ್ಮನಿರಲಿಲ್ಲ. "ನಮ್ಮಕ್ಕಂದು ಉಲ್ಟಾ ಐತ್ರಿ. ಗಂಡನ ಆಸ್ತ್ಯಾಗ ಅರ್ಧ ತಾನಾಗೇ ಬರ್ತೈತಿ ಅಂತ ಎಲ್ಲಾರೂ ಹೇಳಿದ್ರು. ಒಂದು ಗುಂಟೆನೂ ಬರ್ಲಿಲ್ಲ" ಅಂದರು.

ಇಬ್ಬರೂ ನಂಬಿದ್ದು ತಪ್ಪು. ಆದರೆ ಇಬ್ಬರದೂ ಒಂದೇ ತಪ್ಪು: ಡೈವೋರ್ಸ್ ಆದರೆ ಆಸ್ತಿದೂ ಅದರ ಜತೆಗೇ ಇತ್ಯರ್ಥ ಆಗುತ್ತದೆ ಅಂದುಕೊಂಡಿದ್ದು. ಹಾಗೆ ಆಗಲ್ಲ. ವಿಚ್ಛೇದನದ ಡಿಕ್ರಿ ಗಂಡ-ಹೆಂಡತಿ ಸಂಬಂಧ ಬಿಡಿಸುತ್ತದೆ. ಅದರಲ್ಲಿ ಮನೆ, ಹೊಲದ ಬಗ್ಗೆ ಏನೂ ಬರೆದಿಲ್ಲ ಅಂದರೆ, ಆಸ್ತಿ ನಿನ್ನೆ ಎಲ್ಲಿತ್ತೋ ಇವತ್ತೂ ಅಲ್ಲೇ ಇರುತ್ತದೆ. ಗಂಗಾವತಿ ಕಡೆ ಕಾಲುವೆ ನೀರಿನ ಭತ್ತದ ಗದ್ದೆ ಇರಲಿ, ಯಲಬುರ್ಗಾದ ಎರಿ ಹೊಲ ಇರಲಿ, ಕುಷ್ಟಗಿಯ ದಾಳಿಂಬೆ ತೋಟ ಇರಲಿ, ಕೊಪ್ಪಳದ ಪ್ಲಾಟು ಇರಲಿ, ಲೆಕ್ಕ ಒಂದೇ. ಅದನ್ನು ಒಂದೊಂದಾಗಿ ನೋಡೋಣ.

ಅರ್ಧಾ-ಅರ್ಧ ಅನ್ನೋ ಕಾನೂನು ನಮ್ಮಲ್ಲಿಲ್ಲ

ಅಮೆರಿಕದ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಮದುವೆ ಆದ ಮೇಲೆ ಗಳಿಸಿದ್ದು ಇಬ್ಬರದೂ ಅನ್ನುವ ಕಾನೂನಿದೆ. ನಮ್ಮ ದೇಶದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕಾನೂನು ಉಳಿದಿರುವ ಗೋವಾದಲ್ಲಿ ಅಂಥ ಪದ್ಧತಿ ಇದೆ. ಕರ್ನಾಟಕದಲ್ಲಿ ಇಲ್ಲ. ಇಲ್ಲಿ ಗಂಡನ ಹೆಸರಿನದು ಗಂಡನದು, ಹೆಂಡತಿ ಹೆಸರಿನದು ಹೆಂಡತಿದು. ಬೇರೆ ಅನ್ನುವವರು ಸಾಬೀತು ಮಾಡಬೇಕು.

ಹಾಗಾದರೆ ಇಪ್ಪತ್ತು ವರ್ಷ ಮನೆ, ಮಕ್ಕಳು, ದನ-ಕರ, ಹೊಲ ಅಂತ ದುಡಿದ ಹೆಂಡತಿಗೆ ಏನೂ ಇಲ್ಲವಾ? ಇದೆ. ಅದು ಪಾಲು ಅನ್ನೋ ಹೆಸರಲ್ಲಿ ಬರಲ್ಲ, ಜೀವನಾಂಶ ಅನ್ನೋ ಹೆಸರಲ್ಲಿ ಬರುತ್ತದೆ. ಹಿಂದೂ ವಿವಾಹ ಕಾಯ್ದೆ 1955ರ 25ನೇ ಕಲಂ ಪ್ರಕಾರ ಕೋರ್ಟು ಇಬ್ಬರ ಆದಾಯ, ಆಸ್ತಿ, ನಡತೆ ನೋಡಿ ಒಂದೇ ಗಂಟಾಗಿಯೋ ತಿಂಗಳಿಗೆ ಇಷ್ಟು ಅಂತಲೋ ಕೊಡಿಸಬಹುದು. ಈ ಅರ್ಜಿಯನ್ನು ಡಿಕ್ರಿ ಆಗುವಾಗಲೂ ಹಾಕಬಹುದು, ಡಿಕ್ರಿ ಆದ ಮೇಲೂ ಹಾಕಬಹುದು. ಕೊಡಬೇಕಾದವರ ಹೊಲ-ಮನೆ ಮೇಲೆ ಆ ಹಣದ ಭಾರ ಕೂಡಿಸುವ ಅಧಿಕಾರವೂ ಕೋರ್ಟಿಗಿದೆ. ಪಹಣಿಯ 11ನೇ ಕಾಲಂನಲ್ಲಿ ಬ್ಯಾಂಕ್ ಸಾಲ ಬರೆದಿರುತ್ತದಲ್ಲ, ಇಂಥ ಭಾರ ದಾಖಲಿಸುವ ಜಾಗವೂ ಅದೇ. ಅದನ್ನು ಬರೆಸಿಕೊಂಡರೆ ಆ ಹೊಲವನ್ನು ಗುಟ್ಟಾಗಿ ಮಾರಿ ಕೈತೊಳೆದುಕೊಳ್ಳೋದು ಕಷ್ಟ.

"ನನಗ ಏನೂ ಆದಾಯ ಇಲ್ರಿ" ಅಂತ ಬಾಯಿಮಾತಲ್ಲಿ ತಪ್ಪಿಸಿಕೊಳ್ಳೋದೂ ಈಗ ಸುಲಭ ಇಲ್ಲ. ರಜನೀಶ್-ನೇಹಾ ಪ್ರಕರಣದಲ್ಲಿ 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಹಾಗೆ, ಜೀವನಾಂಶದ ಕೇಸಿನಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಬರೆದು ಕೊಡಲೇಬೇಕು. ಸುಳ್ಳು ಬರೆದರೆ ಅದೇ ಇನ್ನೊಂದು ತಪ್ಪಾಗುತ್ತದೆ.

2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಹೆಜ್ಜೆ ಮುಂದೆ ಹೋಗಿ, ಮನೆಗೆಲಸ ನೋಡಿಕೊಂಡ ಹೆಂಡತಿಯ ದುಡಿಮೆಯೂ ಆಸ್ತಿ ಗಳಿಕೆಗೆ ಕೊಟ್ಟ ಕೊಡುಗೆಯೇ, ಅದಕ್ಕೆ ಪಾಲಿದೆ ಅಂತ ತೀರ್ಪು ಕೊಟ್ಟಿತು. ವಾದ ಮಾಡಲಿಕ್ಕೆ ಅದು ಅನುಕೂಲ. ಆದರೆ ನಮ್ಮ ರಾಜ್ಯದ ಕೋರ್ಟುಗಳು ಅದನ್ನು ಪಾಲಿಸಲೇಬೇಕು ಅಂತಿಲ್ಲ.

ಮನೆ, ಪ್ಲಾಟು: ಹೆಸರು ಯಾರದು, ರೊಕ್ಕ ಯಾರದು?

ಮೊದಲು ಖರೀದಿ ಪತ್ರ ತೆಗೆದು ನೋಡಿ. ಉತಾರ, ಇ-ಖಾತೆ, ಪಹಣಿ ಇವೆಲ್ಲ ಕಂದಾಯದ ಲೆಕ್ಕಕ್ಕೆ ಇರುವ ದಾಖಲೆ. ಖಾತೆಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕರಾಗಲ್ಲ, ಹೋದ ಮಾತ್ರಕ್ಕೆ ಹಕ್ಕು ಹೋಗಲ್ಲ ಅಂತ ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ. ಹಕ್ಕಿನ ಬುಡ ಇರೋದು ನೋಂದಣಿ ಆದ ಪತ್ರದಲ್ಲಿ.

ಇಬ್ಬರ ಹೆಸರಲ್ಲಿ ಖರೀದಿ ಆಗಿದ್ದರೆ: ಯಾರು ಎಷ್ಟು ಹಾಕಿದರು ಅಂತ ಲೆಕ್ಕ ಇದ್ದರೆ ಅದರ ಪ್ರಕಾರ ಪಾಲು. ಲೆಕ್ಕ ಸಿಗದಿದ್ದರೆ ಇಬ್ಬರದೂ ಸಮಪಾಲು ಅಂತ ಕಾನೂನು ಹಿಡಿಯುತ್ತದೆ. ಮನಸ್ಸಿಗೆ ಬರದಿದ್ದರೆ ವಾಟ್ನಿ ದಾವೆ ಹಾಕಬೇಕು.

ಗಂಡ ರೊಕ್ಕ ಕೊಟ್ಟು ಹೆಂಡತಿ ಹೆಸರಲ್ಲಿ ತಗೊಂಡಿದ್ದರೆ: ನಮ್ಮ ವ್ಯಾಪಾರಸ್ಥರ ಮನೆಗಳಲ್ಲಿ ಇದೇ ಹೆಚ್ಚು. "ಲಕ್ಷ್ಮಿ ಹೆಸರಿಗಿರಲಿ" ಅಂತ ಶುರುವಾಗುತ್ತದೆ, "ರೊಕ್ಕ ನಂದು" ಅಂತ ಮುಗಿಯುತ್ತದೆ. 1988ರ ಬೇನಾಮಿ ಕಾಯ್ದೆ ಹೆಂಡತಿ ಹೆಸರಲ್ಲಿ ಕೊಳ್ಳೋದನ್ನ ತಪ್ಪು ಅಂದಿರಲಿಲ್ಲ. ಆದರೆ ಬೇರೆ ಸಾಬೀತಾಗುವ ತನಕ ಅದು ಹೆಂಡತಿಯ ಅನುಕೂಲಕ್ಕೇ ಕೊಂಡಿದ್ದು ಅಂತ ತಿಳಿಯಬೇಕು ಎಂದಿತ್ತು. 2016ರ ನವೆಂಬರ್ 1ರಿಂದ ತಿದ್ದುಪಡಿಯಾದ ಕಾಯ್ದೆಯಲ್ಲೂ, ಗೊತ್ತಿರುವ ಆದಾಯದಿಂದ ಹೆಂಡತಿ ಅಥವಾ ಮಕ್ಕಳ ಹೆಸರಲ್ಲಿ ಕೊಂಡರೆ ಅದು ಬೇನಾಮಿ ಅಲ್ಲ. ಅಂದರೆ ಗಂಡನಿಗೆ ಕೋರ್ಟಿಗೆ ಹೋಗುವ ಬಾಗಿಲು ಮುಚ್ಚಿಲ್ಲ. ಆದರೆ ಪತ್ರದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ ಕೋರ್ಟು ಶುರು ಮಾಡುತ್ತದೆ. ಅಲ್ಲ ಅನ್ನುವವರೇ ರೊಕ್ಕದ ದಾರಿ ತೋರಿಸಬೇಕು. ಕೊಟ್ಟಿದ್ದು ಪ್ರೀತಿಯಿಂದ ಕೊಟ್ಟಿದ್ದಲ್ಲ ಅಂತಲೂ ತೋರಿಸಬೇಕು.

ಹೆಂಡತಿಯ ರೊಕ್ಕದಲ್ಲಿ ಗಂಡನ ಹೆಸರಲ್ಲಿ ತಗೊಂಡಿದ್ದರೆ: ಇದೂ ಅಷ್ಟೇ, ಬಾಯಿಮಾತು ನಿಲ್ಲಲ್ಲ. ಬಂಗಾರ ಮಾರಿದ ಚೀಟಿ, ಪಾಸ್‌ಬುಕ್, ಫೋನ್‌ಪೇ ಲೆಕ್ಕ, ಸಂಘದಲ್ಲಿ ಸಾಲ ಎತ್ತಿದ ದಾಖಲೆ ಬೇಕು. ಕೈಯಿಂದ ಕೈಗೆ ಕೊಟ್ಟ ರೊಕ್ಕಕ್ಕೆ ಸಾಕ್ಷಿ ಹುಡುಕೋದರಲ್ಲೇ ಎಷ್ಟೋ ಹೆಣ್ಣುಮಕ್ಕಳ ಕೇಸು ಸೋತುಹೋಗುತ್ತವೆ.

ಬಕ್ಷೀಸ್ ಪತ್ರ ಮಾಡಿಕೊಟ್ಟಿದ್ದರೆ: ನೋಂದಣಿ ಆದ ಬಕ್ಷೀಸನ್ನು ಸಿಟ್ಟು ಬಂತು ಅಂತ ಒಬ್ಬರೇ ಹೋಗಿ ರದ್ದು ಮಾಡಲಿಕ್ಕೆ ಬರಲ್ಲ. ಮೋಸ, ಒತ್ತಾಯ ಆಗಿತ್ತು ಅಂತ ಕೋರ್ಟಿನಲ್ಲಿ ತೋರಿಸಬೇಕು.

ಆಶ್ರಯ, ಬಸವ ವಸತಿ ಮನೆ ಆಗಿದ್ದರೆ: ನಮ್ಮ ರಾಜ್ಯದ ವಸತಿ ಯೋಜನೆಗಳಲ್ಲಿ ಮಂಜೂರಾತಿ ಸಾಮಾನ್ಯವಾಗಿ ಹೆಣ್ಣುಮಕ್ಕಳ ಹೆಸರಲ್ಲೇ ಆಗುತ್ತದೆ. ಹಕ್ಕುಪತ್ರದಲ್ಲಿ ಆಕೆ ಹೆಸರಿದ್ದರೆ, ಡೈವೋರ್ಸ್ ಆಯ್ತು ಅಂತ ಆಕೆಯನ್ನು ಹೊರಗೆ ಹಾಕಲಿಕ್ಕೆ ಆಗಲ್ಲ. ಹಕ್ಕುಪತ್ರದ ಹಿಂದೆ ಬರೆದಿರುವ ಷರತ್ತುಗಳನ್ನು ಓದಿಯೇ ಮುಂದಿನ ಮಾತು ಆಡಬೇಕು.

ಪಿತ್ರಾರ್ಜಿತ ಹೊಲ: ಸೊಸೆಗಲ್ಲ, ಮಕ್ಕಳಿಗೆ

ಗಂಡನ ಮನೆತನದ ಹೊಲದಲ್ಲಿ, ಡೈವೋರ್ಸ್ ಆಯ್ತು ಅನ್ನೋ ಕಾರಣಕ್ಕೆ ಹೆಂಡತಿ ಪಾಲು ಕೇಳಲಿಕ್ಕೆ ಬರಲ್ಲ. ಡೈವೋರ್ಸ್ ಆದ ಮೇಲೆ ಆತ ತೀರಿಕೊಂಡರೆ ಆಕೆ ವಿಧವೆ ಅಂತ ವಾರಸುದಾರಳೂ ಆಗಲ್ಲ. ಆದರೆ ಮಕ್ಕಳ ಹಕ್ಕು ಎಲ್ಲೂ ಹೋಗಲ್ಲ. ತಂದೆ-ತಾಯಿ ಬಿಟ್ಟಿರಬಹುದು, ಮಕ್ಕಳು ಯಾರನ್ನೂ ಬಿಟ್ಟಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಇರುವಷ್ಟೇ ಹಕ್ಕು ಮಗಳಿಗೂ ಹುಟ್ಟಿನಿಂದಲೇ ಇದೆ. ಮಕ್ಕಳು ತಾಯಿ ಹತ್ತಿರ ತವರುಮನೆಯಲ್ಲಿ ಬೆಳೆದರೂ ಅಷ್ಟೇ. ಸಣ್ಣವರಿದ್ದರೆ ಅವರ ಪರವಾಗಿ ತಾಯಿ ದಾವೆ ಹಾಕಬಹುದು.

ಅದೇ ರೀತಿ, ಬಿಟ್ಟು ಬಂದ ಹೆಣ್ಣುಮಗಳಿಗೆ ತನ್ನ ತಂದೆಯ ಮನೆತನದ ಆಸ್ತಿಯಲ್ಲಿ ಹಕ್ಕಿದೆ. 2005ರ ತಿದ್ದುಪಡಿ ಆ ಹಕ್ಕು ಕೊಟ್ಟಿತು. 2005ರಲ್ಲಿ ತಂದೆ ಬದುಕಿರಲೇಬೇಕು ಅಂತಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೂ ಮುಂಚೆ ನೋಂದಣಿ ಆಗಿ ಅಥವಾ ಕೋರ್ಟ್ ಡಿಕ್ರಿಯಿಂದ ವಾಟ್ನಿ ಆಗಿದ್ದರೆ ಮಾತ್ರ ಆ ಮಾತು ಬೇರೆ. ಮದುವೆ ಹೊತ್ತಿಗೆ ಅಣ್ಣ-ತಮ್ಮಂದಿರಿಗೆ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿ ನೋಂದಣಿ ಮಾಡಿಸಿಕೊಟ್ಟಿದ್ದರೆ ವಾಪಸ್ ಕೇಳೋದು ಕಷ್ಟ. ಸಹಿ ಮಾಡೋ ದಿನ ಯಾರೂ ಇದನ್ನು ನೆನಪಿಸಲ್ಲ.

ಅರಿಶಿನ-ಕುಂಕುಮಕ್ಕೆ ಅಂತ ತವರುಮನೆಯವರು ಪತ್ರ ಮಾಡಿ ಕೊಟ್ಟ ಹೊಲ ಪೂರ್ತಿ ಆಕೆಯದೇ. ಗಂಡ ಅದನ್ನು ಉಳುಮೆ ಮಾಡಿಕೊಂಡಿದ್ದ ಮಾತ್ರಕ್ಕೆ ಅವನದಾಗಲ್ಲ. ಬಾಯಿಮಾತಲ್ಲಿ ಕೊಟ್ಟು, ಪತ್ರ ಮಾಡದೆ ಬಿಟ್ಟಿದ್ದರೆ ಮಾತ್ರ ಜಗಳ ತವರುಮನೆಯಲ್ಲೇ ಹುಟ್ಟುತ್ತದೆ.

ಇನ್ನು ಅತ್ತೆ-ಮಾವನ ಹೆಸರಿನ ಮನೆ. ಮದುವೆ ಇರುವ ತನಕ, ಸಂಸಾರ ಮಾಡಿದ ಮನೆಯಲ್ಲಿ ವಾಸ ಇರುವ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಕೊಡುತ್ತದೆ. ಆ ಮನೆ ಮಾವನ ಹೆಸರಲ್ಲಿದ್ದರೂ ಈ ಹಕ್ಕು ಕೇಳಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ವಾಸದ ಹಕ್ಕು ಬೇರೆ, ಮಾಲೀಕತ್ವ ಬೇರೆ. ಡೈವೋರ್ಸ್ ಡಿಕ್ರಿಗೆ ಸಹಿ ಹಾಕುವ ಮುಂಚೆಯೇ "ನಾನು ಎಲ್ಲಿ ಇರಬೇಕು?" ಅನ್ನೋದನ್ನು ಕೇಳಿ ಬರೆಸಿಕೊಳ್ಳಬೇಕು.

ಅಂಗಡಿ ಮತ್ತು ಸಾಲ

ಜಿ.ಎಸ್.ಟಿ. ನಂಬರ್ ಹೆಂಡತಿ ಹೆಸರಲ್ಲಿ, ಲೈಸೆನ್ಸ್ ಗಂಡನ ಹೆಸರಲ್ಲಿ, ಬಾಡಿಗೆ ಕರಾರು ಮಾವನ ಹೆಸರಲ್ಲಿ. ಇಂಥ ಅಂಗಡಿಗಳು ಪ್ರತಿ ಬಜಾರಿನಲ್ಲೂ ಸಿಗುತ್ತವೆ. ಲೈಸೆನ್ಸ್ ಅಂದರೆ ವ್ಯಾಪಾರ ಮಾಡಲಿಕ್ಕೆ ಪರವಾನಗಿ, ಅದು ಮಳಿಗೆಯ ಮಾಲೀಕತ್ವ ಅಲ್ಲ. ಆದರೆ ಜಿ.ಎಸ್.ಟಿ. ಯಾರ ಹೆಸರಲ್ಲಿದೆಯೋ ತೆರಿಗೆ ಬಾಕಿ ನೋಟಿಸ್ ಅವರ ಮನೆ ಬಾಗಿಲಿಗೇ ಬರುತ್ತದೆ. ಬಿಟ್ಟು ಹೋದ ಮೇಲೂ ಹಳೆ ಹೆಸರಲ್ಲೇ ಬಿಲ್ ಹರಿಯುತ್ತಿದ್ದರೆ ಅಪಾಯ ಆ ಹೆಸರಿನವರಿಗೆ.

ಸಾಲದ ವಿಷಯದಲ್ಲಿ ಬ್ಯಾಂಕಿಗೆ ನಿಮ್ಮ ಸೋಡಚೀಟಿ ಸಂಬಂಧ ಇಲ್ಲ. ಇಬ್ಬರೂ ಸಹಿ ಹಾಕಿದ ಗೃಹಸಾಲ, ಅಂಗಡಿ ಸಾಲಕ್ಕೆ ಇಬ್ಬರೂ ಪೂರ್ತಿ ಹೊಣೆ. "ಸಾಲ ಆಂವ ಕಟ್ತಾನ" ಅಂತ ರಾಜಿಯಲ್ಲಿ ಬರೆದಿದ್ದರೂ, ಆತ ಕಟ್ಟದಿದ್ದರೆ ಬ್ಯಾಂಕು ನಿಮ್ಮನ್ನೂ ಹಿಡಿಯಬಹುದು. ಬ್ಯಾಂಕಿನವರನ್ನೂ ಒಪ್ಪಿಸಿ ಒಬ್ಬರ ಹೆಸರು ತೆಗೆಸಬೇಕು, ಇಲ್ಲವೇ ಸಾಲ ತೀರಿಸಿ ಕ್ಲಿಯರೆನ್ಸ್ ಪತ್ರ ತಗೊಂಡು ಆಮೇಲೆ ಬಿಡಿಸಿಕೊಳ್ಳಬೇಕು.

ಬಂಗಾರ: ಇದರಲ್ಲಿ ಗೊಂದಲ ಕಡಿಮೆ

ಮದುವೆಗೆ ಮುಂಚೆ, ಮದುವೆಯಲ್ಲಿ, ಆಮೇಲೆ ಹೆಣ್ಣುಮಗಳಿಗೆ ಅಂತ ಬಂದ ಬಂಗಾರ, ಬೆಳ್ಳಿ, ಪಾತ್ರೆ, ರೊಕ್ಕ ಎಲ್ಲಾ ಸ್ತ್ರೀಧನ. ಅದು ಆಕೆಯೊಬ್ಬಳದೇ. ಗಂಡ ಅಥವಾ ಅತ್ತೆ ಬೀರುವಿನಲ್ಲಿ ಇಟ್ಟುಕೊಂಡಿದ್ದರೆ ಆಕೆ ಪರವಾಗಿ ಜೋಪಾನ ಮಾಡಿದ್ದಾರೆ ಅಷ್ಟೇ ಅಂತ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೇಳಿದಾಗ ಕೊಡದಿದ್ದರೆ ನಂಬಿಕೆ ದ್ರೋಹದ ಕ್ರಿಮಿನಲ್ ಕೇಸೂ ಆಗಬಹುದು.

2023ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಮುಂದೆ ಇಂಥದ್ದೇ ಪ್ರಶ್ನೆ ಬಂತು. ಮದುವೆ ಮುರಿದ ಮೇಲೂ ಗಂಡನ ಕಡೆಯವರು ಹೆಂಡತಿ ತಂದಿದ್ದನ್ನು ಇಟ್ಟುಕೊಳ್ಳಬಹುದಾ? ಇಟ್ಟುಕೊಳ್ಳಲಿಕ್ಕೆ ಬರಲ್ಲ ಅಂತ ಕೋರ್ಟು ಹೇಳಿ, ಗಂಡನ ಕಡೆಯವರ ಮೇಲಿದ್ದ ಕೇಸು ರದ್ದು ಮಾಡಲಿಕ್ಕೆ ಒಪ್ಪಲಿಲ್ಲ. ಜೀವನಾಂಶ ಕೊಟ್ಟಿದ್ದೇವೆ, ಅದರಲ್ಲೇ ಎಲ್ಲಾ ಮುಗೀತು ಅನ್ನೋ ವಾದ ನಡೆಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಕೇರಳದ ಒಂದು ಪ್ರಕರಣದಲ್ಲಿ, ಹೆಂಡತಿಯ 89 ಪವನ್ ಬಂಗಾರವನ್ನು ಸಾಲ ತೀರಿಸಲಿಕ್ಕೆ ಬಳಸಿಕೊಂಡ ಗಂಡ 25 ಲಕ್ಷ ರೂಪಾಯಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಆದೇಶ ಮಾಡಿತು. ಕಷ್ಟಕಾಲದಲ್ಲಿ ಗಂಡ ಸ್ತ್ರೀಧನ ಬಳಸಬಹುದು, ಆದರೆ ವಾಪಸ್ ಕೊಡುವ ಹೊಣೆ ಅವನದು.

ಮುಸ್ಲಿಂ ಹೆಣ್ಣುಮಕ್ಕಳಿಗೆ 1986ರ ಕಾಯ್ದೆಯ 3ನೇ ಕಲಂ ಇದೆ. ಬಾಕಿ ಮೆಹರ್ ಜತೆಗೆ, ಮದುವೆಗೆ ಮುಂಚೆ, ಮದುವೆಯಲ್ಲಿ, ಆಮೇಲೆ ಬಂಧುಗಳು, ಸ್ನೇಹಿತರು, ಗಂಡ, ಗಂಡನ ಕಡೆಯವರು ಕೊಟ್ಟ ಎಲ್ಲಾ ವಸ್ತುಗಳನ್ನು ತಲಾಖ್ ಆದ ಮೇಲೆ ವಾಪಸ್ ಕೇಳುವ ಹಕ್ಕು ಅದರಲ್ಲಿದೆ. ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು.

ಸಾಕ್ಷಿಗೆ ಮದುವೆ ಫೋಟೊ, ವಿಡಿಯೊ, ಸರಾಫರ ಬಿಲ್, ಅಡವಿಟ್ಟ ಚೀಟಿ ಎಲ್ಲಾ ಬೇಕು. ತಂದೆ ಬಂಗಾರ ಮಾಡಿಸಿದ ಅಂಗಡಿ ಇನ್ನೂ ಇದ್ದರೆ ಹಳೆ ಬಿಲ್ ಕೇಳಿ ನೋಡಿ.

ಬಾಂಡ್ ಪೇಪರ್ ಸೋಡಚೀಟಿ: ದೊಡ್ಡ ಜಗಳದ ಬೀಜ

ನಮ್ಮ ಕಡೆ ಹಿರೇರು ಕೂತು, ಬಾಂಡ್ ಪೇಪರ್ ಮೇಲೆ ಬರೆಸಿ, ಐದು ಜನ ಸಾಕ್ಷಿ ಸಹಿ ಹಾಕಿ ಬಿಡಿಸೋದು ಇನ್ನೂ ನಡೀತಿದೆ. ಆ ಸಮುದಾಯದಲ್ಲಿ ಹಿಂದಿನಿಂದ ಬಂದ ಪದ್ಧತಿ ಇದ್ದರೆ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಅದನ್ನು ಒಪ್ಪುತ್ತದೆ. ಆದರೆ ಅಂಥ ಪದ್ಧತಿ ಇದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕು, ಬರೀ ಪತ್ರ ಇದ್ದರೆ ಸಾಲದು ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ನೋಟರಿ ಸಿಕ್ಕಾ ಬಿದ್ದರೂ ಅಷ್ಟೇ.

ಸಾಬೀತಾಗದಿದ್ದರೆ ಏನಾಗುತ್ತದೆ ನೋಡಿ. ಕಾನೂನಿನ ಲೆಕ್ಕದಲ್ಲಿ ಮೊದಲ ಮದುವೆ ಇನ್ನೂ ಇದೆ. ಆಮೇಲೆ ಮಾಡಿಕೊಂಡ ಎರಡನೇ ಮದುವೆ ಊರ್ಜಿತ ಆಗಲ್ಲ. ಗಂಡ ವಿಲ್ ಮಾಡದೆ ತೀರಿಕೊಂಡ ದಿನ, ಹದಿನೈದು ವರ್ಷ ಜತೆಗಿದ್ದ ಎರಡನೇ ಹೆಂಡತಿ ವಾರಸುದಾರಳಲ್ಲ, ಬಿಟ್ಟುಹೋದ ಮೊದಲನೆಯವಳು ವಾರಸುದಾರಳು. ಎರಡನೆಯವಳ ಮಕ್ಕಳಿಗೆ ತಂದೆಯ ಪಾಲಿಗೆ ಬರುವ ಆಸ್ತಿಯಲ್ಲಿ ಹಕ್ಕಿದೆ ಅಂತ, ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ-ಮಲ್ಲಿಕಾರ್ಜುನ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಆದರೆ ಅವರ ತಾಯಿ ಬರಿಗೈ. ಒಂದು ಬಾಂಡ್ ಪೇಪರ್ ಎರಡು ಮನೆತನವನ್ನು ಕೋರ್ಟಿಗೆ ಅಲೆದಾಡಿಸುವುದು ಹೀಗೆ.

ಹಾಗಾದ್ರೆ ಸರಿಯಾಗಿ ಮುಗಿಸೋದು ಹೆಂಗೆ?

ಇಬ್ಬರೂ ಒಪ್ಪಿ ಬಿಡುವುದಾದರೆ 13ಬಿ ಕಲಂ ಪ್ರಕಾರ ಜಂಟಿ ಅರ್ಜಿ ಹಾಕುವಾಗಲೇ ಆಸ್ತಿ ಮಾತು ಮುಗಿಸಿ. ಅರ್ಜಿಯಲ್ಲಿ ಸರ್ವೆ ನಂಬರ್, ಚಕ್ಕುಬಂದಿ, ಬಂಗಾರದ ತೂಕ, ಸಾಲದ ಖಾತೆ ನಂಬರ್ ಎಲ್ಲಾ ಬರೆಸಿ. ಯಾರು ಯಾರಿಗೆ ಯಾವ ತಾರೀಕಿನೊಳಗೆ ಪತ್ರ ಮಾಡಿಕೊಡಬೇಕು ಅನ್ನೋದೂ ಇರಲಿ. "ಆಸ್ತಿ ಬಗ್ಗೆ ನಮ್ಮ ನಮ್ಮಲ್ಲಿ ತಕರಾರು ಇಲ್ಲ" ಅನ್ನೋ ಒಂದು ಸಾಲು ಸಾಲದು.

ರಾಜಿ ಡಿಕ್ರಿಯಲ್ಲಿ, ಆ ಕೇಸಿನ ವಿಷಯವೇ ಆಗಿರದ ಹೊಲ-ಮನೆ ಸೇರಿದ್ದರೆ, 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಅದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಇನ್ನೊಂದು ಮಾತು: ಗಂಡ-ಹೆಂಡತಿ ನಡುವಿನ ಬಕ್ಷೀಸ್ ಪತ್ರಕ್ಕೆ ಸ್ಟಾಂಪ್ ಶುಲ್ಕದಲ್ಲಿ ರಿಯಾಯಿತಿ ಇದೆ. ಡಿಕ್ರಿ ಆದ ಮರುದಿನ ನೀವು ಗಂಡ-ಹೆಂಡತಿ ಅಲ್ಲ. ಪತ್ರ ಮೊದಲು ಮಾಡಿಸಬೇಕೋ ಆಮೇಲೋ ಅಂತ ವಕೀಲರನ್ನು ಕೇಳಿಯೇ ಹೆಜ್ಜೆ ಇಡಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಆಗಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ನಡೆಯಲ್ಲ.

ಒಪ್ಪಂದ ಆಗದಿದ್ದರೆ ದಾವೆ. ಡೈವೋರ್ಸ್ ಆದವರ ನಡುವಿನ ಆಸ್ತಿ ವ್ಯಾಜ್ಯವನ್ನೂ ಕೌಟುಂಬಿಕ ನ್ಯಾಯಾಲಯ ನಡೆಸಬಹುದು ಅಂತ 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಇಲ್ಲದ ಕಡೆ ಸಿವಿಲ್ ಕೋರ್ಟ್. ನಮ್ಮ ಜಿಲ್ಲೆಯವರಿಗೆ ಹೈಕೋರ್ಟ್ ಅಂದರೆ ಧಾರವಾಡ ಪೀಠ. ಸುಮ್ಮನೆ ಕೂಡಬೇಡಿ, ಹಕ್ಕು ಘೋಷಣೆಯ ದಾವೆಗೆ 3 ವರ್ಷದ ಗಡುವಿದೆ. ಕೇಸು ನಡೆಯುವಾಗ ಆ ಕಡೆಯವರು ಮಾರುವ ಸೂಚನೆ ಕಂಡರೆ ತಡೆಯಾಜ್ಞೆ ಕೇಳಿ. ಪ್ಲಾಟ್ ಕೊಳ್ಳುವವರಿಗೂ ಇದರಲ್ಲಿ ಪಾಠ ಇದೆ: ಕೇಸಿನಲ್ಲಿರುವ ಆಸ್ತಿ ಕೊಂಡರೆ ತೀರ್ಪು ಏನೇ ಬಂದರೂ ನೀವೂ ಅದಕ್ಕೆ ಬದ್ಧರು. ಇ.ಸಿ. ಒಂದೇ ನೋಡಬೇಡಿ, ಮಾರುವವರ ಮನೆ ಪರಿಸ್ಥಿತಿನೂ ವಿಚಾರಿಸಿ.

ರೊಕ್ಕ ಇಲ್ಲ ಅಂತ ವಕೀಲರಿಲ್ಲದೆ ಕೂಡಬೇಕಿಲ್ಲ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಜಿಲ್ಲಾ ಪ್ರಾಧಿಕಾರ ಕೊಪ್ಪಳದಲ್ಲಿದೆ, ತಾಲೂಕಿನಲ್ಲಿ ಕಾನೂನು ಸೇವಾ ಸಮಿತಿ ಇದೆ. ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ರಾಜಿ ಆದರೆ ಅದು ಕೋರ್ಟ್ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಅಲ್ಲಿ ಸಹಿ ಹಾಕುವ ಮುಂಚೆ ಎರಡು ಸಲ ಓದಿಸಿ ಕೇಳಿ.

ಸಹಿ ಹಾಕೋ ಮುಂಚೆ ಇಷ್ಟು ನೋಡಿ

- ಖರೀದಿ ಪತ್ರ, ಇ.ಸಿ., ಉತಾರ ಅಥವಾ ಪಹಣಿ: ಮೂರೂ ಹೊಸ ನಕಲು ತೆಗೆಸಿ.
- ಬಂಗಾರದ ಪಟ್ಟಿ ಮಾಡಿ, ಕೊಟ್ಟಾಗ-ತಗೊಂಡಾಗ ಇಬ್ಬರೂ ಸಹಿ ಹಾಕಿ.
- ಜಂಟಿ ಖಾತೆ, ಜಂಟಿ ಸಾಲ, ಜಾಮೀನು ಸಹಿ ಎಲ್ಲೆಲ್ಲಿ ಇದೆ ಅಂತ ಬರೆದುಕೊಳ್ಳಿ.
- ಎಲ್.ಐ.ಸಿ., ಬ್ಯಾಂಕು, ಪಿ.ಎಫ್. ನಾಮಿನಿ ಹೆಸರು ಬದಲಿಸಿ. ಹಳೆ ವಿಲ್ ಇದ್ದರೆ ಡೈವೋರ್ಸ್ ಆಯ್ತು ಅಂತ ಅದು ತಾನಾಗೇ ರದ್ದಾಗಲ್ಲ.
- ಡಿಕ್ರಿಯ ದೃಢೀಕೃತ ನಕಲು ಎರಡು ಸೆಟ್ ಇಟ್ಟುಕೊಳ್ಳಿ.

ಕಡೆಗೆ ಜೆರಾಕ್ಸ್ ಅಂಗಡಿಯವರ ಮಾತಿಗೆ ಬರೋಣ. ಆ ವ್ಯಾಪಾರಿಯ ಡಿಕ್ರಿ ಒಂದೂವರೆ ಪುಟ. ಮನೆ ಅನ್ನೋ ಪದ ಅದರಲ್ಲಿ ಒಂದು ಸಲವೂ ಇರಲಿಲ್ಲ. ಅಂಥ ಡಿಕ್ರಿ ತೋರಿಸಿದರೆ ಖಾತೆಯಿಂದ ಯಾರ ಹೆಸರೂ ಹೋಗಲ್ಲ. ಆಕೆ ಒಪ್ಪಿ ಪತ್ರ ಮಾಡಿಕೊಡಬೇಕು, ಇಲ್ಲವೇ ಇವರು ದಾವೆ ಹಾಕಿ ರೊಕ್ಕದ ಲೆಕ್ಕ ತೋರಿಸಿ ಗೆಲ್ಲಬೇಕು. ಆ ಹೆಣ್ಣುಮಗಳ ಅಕ್ಕನಿಗೆ ಅರ್ಧ ಆಸ್ತಿ ಬರಲ್ಲ. ಆದರೆ ರಾಜಿಯಲ್ಲಿ ಜೀವನಾಂಶ ಬಿಟ್ಟುಕೊಟ್ಟಿಲ್ಲ ಅಂದರೆ 25ನೇ ಕಲಂ ಅರ್ಜಿ ಈಗಲೂ ಹಾಕಬಹುದು, ಬಂಗಾರ ಕೇಳಬಹುದು, ಮಕ್ಕಳಿಗೆ ಪಾಲು ಕೇಳಬಹುದು. ಇದನ್ನು ಹೇಳಿದಾಗ ಆಕೆ ಕೈಯಲ್ಲಿದ್ದ ಪಹಣಿಯ ಹಿಂಬದಿಗೆ 15100 ಅಂತ ಬರೆದುಕೊಂಡು ಹೋದರು.

(ಇದು ಸಾಮಾನ್ಯ ತಿಳಿವಳಿಕೆಗೆ ಬರೆದದ್ದು. ನಿಮ್ಮ ಕೇಸಿನ ಕಾಗದ-ಪತ್ರ ವಕೀಲರಿಗೆ ತೋರಿಸಿಯೇ ಮುಂದುವರಿಯಿರಿ.)